ಮೂರು ಬಾರಿ ಪೌರನಾದ ಯೋಧ

ಹುಟ್ಟಿದ ನಾಡನ್ನು ಮನುಷ್ಯನು ಬೇಡಿ ಪಡೆಯಬೇಕಾಗಿಲ್ಲ. ತಾಯಿಯ ಹಾಲಿನಂತೆ ಅದು ತಾನಾಗಿಯೇ ಅವನಿಗೆ ದೊರೆಯುತ್ತದೆ. ಆದರೆ ಬಾಳನ್ನು ಅರಸಿಕೊಂಡು ಬೇರೊಂದು ನಾಡಿಗೆ ಹೋದವನು ಅಲ್ಲಿಯವನಾಗಬೇಕಾದರೆ ಅರ್ಜಿ ಸಲ್ಲಿಸಬೇಕು, ಸಾಕ್ಷಿಗಳನ್ನು ಒದಗಿಸಬೇಕು, ಅನಂತರ ಅಧಿಕಾರಿಗಳ ನಿರ್ಣಯಕ್ಕಾಗಿ ಕಾಯಬೇಕು. ಹೀಗೆ ಹದಿನೆಂಟು ವರ್ಷಗಳ ಕಾಲ ಕಾದ ಭಾರತೀಯರೊಬ್ಬರಿದ್ದರು. ಅವರೇ ಭಗತ್ ಸಿಂಗ್ ಥಿಂಡ್. ಲಾಹೋರಿನಲ್ಲಿ ಗಲ್ಲಿಗೇರಿದ ಕ್ರಾಂತಿವೀರ ಭಗತ್ ಸಿಂಗರೇ ಬೇರೆ, ಇವರೇ ಬೇರೆ. ಅಮೆರಿಕದ ಪೌರತ್ವದ ಇತಿಹಾಸವನ್ನು ಅಭ್ಯಸಿಸುವವರೆಲ್ಲರೂ ಇವರ ಹೆಸರನ್ನು ಬಲ್ಲರು.

ಥಿಂಡ್ ಅವರು 1892ರಲ್ಲಿ ಪಂಜಾಬಿನ ಅಮೃತಸರ ಜಿಲ್ಲೆಯ ಹಳ್ಳಿಯೊಂದರಲ್ಲಿ ಸಿಖ್ ಕುಟುಂಬದಲ್ಲಿ ಜನಿಸಿದರು. ಅಮೃತಸರದ ಖಾಲ್ಸಾ ಕಾಲೇಜಿನಲ್ಲಿ ವಿದ್ಯಾಭ್ಯಾಸ ಮಾಡಿದರು. ಉನ್ನತ ಶಿಕ್ಷಣದ ಹಂಬಲವನ್ನು ಹೊತ್ತು 1913ರಲ್ಲಿ ಅಮೆರಿಕಕ್ಕೆ ಹೋದರು. ಅವರು ಹಡಗಿನಿಂದ ಸಿಯಾಟಲ್ ನಗರದಲ್ಲಿ ಇಳಿದ ದಿನ ಜುಲೈ 4, ಆ ದೇಶದ ಸ್ವಾತಂತ್ರ್ಯ ದಿನ. ಕೈಯಲ್ಲಿ ಹಣವಿರಲಿಲ್ಲ. ಆರೆಗಾನ್ ಸಂಸ್ಥಾನದ ಮರ ಕೊಯ್ಯುವ ಕಾರ್ಖಾನೆಗಳಲ್ಲಿ ದುಡಿದು, ಆ ಸಂಪಾದನೆಯಿಂದ ವಿದ್ಯಾರ್ಜನೆಯನ್ನು ಸಾಗಿಸಿದರು.

ಆಗ ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. 1918ರ ಜುಲೈ ತಿಂಗಳಲ್ಲಿ ಥಿಂಡ್ ಅವರು ಅಮೆರಿಕದ ಸೈನ್ಯವನ್ನು ಸೇರಿದರು. ಸಮವಸ್ತ್ರವನ್ನು ಧರಿಸಿದರೂ ತಮ್ಮ ಧರ್ಮದ ಕುರುಹಾದ ಪೇಟವನ್ನು ಅವರು ಬಿಡಲಿಲ್ಲ. ಕೆಲವೇ ತಿಂಗಳುಗಳಲ್ಲಿ ಹಂಗಾಮಿ ಸಾರ್ಜೆಂಟ್ ಪದವಿಗೂ ಏರಿದರು. ಸೈನ್ಯದಲ್ಲಿ ಸೇವೆ ಸಲ್ಲಿಸುವ ವಿದೇಶೀಯರು ಬೇಗನೆ ಪೌರತ್ವವನ್ನು ಪಡೆಯಲು ಆ ವರ್ಷದ ಕಾಯಿದೆಯೊಂದು ಅವಕಾಶ ಕಲ್ಪಿಸಿತ್ತು. ಅದರಂತೆ 1918ರ ಡಿಸೆಂಬರ್ 9ರಂದು ಅವರು ಅಮೆರಿಕದ ಪೌರರಾದರು. ಆದರೆ ಆ ಸಂತೋಷ ನಾಲ್ಕೇ ದಿನಗಳದಾಯಿತು. ಥಿಂಡ್ ಅವರು ಶ್ವೇತವರ್ಣೀಯರಲ್ಲವೆಂಬ ಕಾರಣದಿಂದ ಅವರಿಗೆ ಕೊಟ್ಟಿದ್ದ ಪೌರತ್ವವನ್ನು ಹಿಂದಕ್ಕೆ ಪಡೆಯಲಾಯಿತು. ಆಗ ಅವರ ಮೈಮೇಲೆ ಅದೇ ದೇಶದ ಸಮವಸ್ತ್ರ ಇನ್ನೂ ಇತ್ತು.

ಇದಕ್ಕೆ ಆಧಾರವಾಗಿದ್ದುದು ಹಳೆಯದೊಂದು ಶಾಸನ. ವಿದೇಶೀಯರಲ್ಲಿ ಸ್ವತಂತ್ರರಾದ ಶ್ವೇತವರ್ಣೀಯರು ಮಾತ್ರವೇ ಪೌರರಾಗಬಹುದೆಂದು 1790ರ ಕಾಯಿದೆ ವಿಧಿಸಿತ್ತು. 1870ರಲ್ಲಿ ಆಫ್ರಿಕ ಮೂಲದವರಿಗೂ ಆ ಹಕ್ಕು ದೊರೆಯಿತು. ಏಷ್ಯದ ಜನರ ಮಾತು ಅದರಲ್ಲಿ ಇರಲಿಲ್ಲ. ಹೀಗಾಗಿ ಭಾರತೀಯರು ಶ್ವೇತವರ್ಣೀಯರೇ ಅಲ್ಲವೇ ಎಂಬ ಪ್ರಶ್ನೆಗೆ ಒಂದು ನ್ಯಾಯಾಲಯ ಹೌದೆಂದರೆ ಮತ್ತೊಂದು ಅಲ್ಲವೆನ್ನುತ್ತಿತ್ತು. ಅರ್ಜಿದಾರನ ಯೋಗ್ಯತೆ ಎಂತಹುದಾದರೂ ಅವನ ಭವಿಷ್ಯ ಈ ಒಂದು ಪದದ ಅರ್ಥವನ್ನು ಅವಲಂಬಿಸಿತ್ತು.

ಥಿಂಡ್ ಅವರು ಎದೆಗುಂದಲಿಲ್ಲ. 1919ರ ಮೇ ತಿಂಗಳಲ್ಲಿ ಆರೆಗಾನಿನಲ್ಲಿ ಮತ್ತೆ ಅರ್ಜಿ ಸಲ್ಲಿಸಿದರು. ಭಾರತದ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಗದರ್ ಪಕ್ಷದವರ ಗೆಳೆತನ ಅವರಿಗಿದೆಯೆಂದು ಸರ್ಕಾರದ ಅಧಿಕಾರಿ ಆಕ್ಷೇಪಿಸಿದನು. ತಾಯ್ನಾಡಿನ ಬಿಡುಗಡೆಯನ್ನು ತಾವು ಬಯಸುವುದನ್ನು ಥಿಂಡ್ ಅವರು ಮುಚ್ಚಿಡಲಿಲ್ಲ. ಆದರೆ ಶಸ್ತ್ರಬಲದ ಮಾರ್ಗ ತಮ್ಮದಲ್ಲವೆಂದು ತಿಳಿಸಿದರು. ವಿಚಾರಣೆ ಒಂದೂವರೆ ವರ್ಷ ನಡೆಯಿತು. ಕೊನೆಗೆ 1920ರ ನವೆಂಬರ್ 18ರಂದು ನ್ಯಾಯಾಧೀಶರು ಅವರ ಪರವಾಗಿ ತೀರ್ಪನ್ನಿತ್ತರು. ಥಿಂಡ್ ಅವರು ಎರಡನೆಯ ಬಾರಿ ಅಮೆರಿಕದ ಪೌರರಾದರು.

ಸರ್ಕಾರ ಈ ತೀರ್ಪನ್ನು ಒಪ್ಪಲಿಲ್ಲ. ಮೊಕದ್ದಮೆ ಮೇಲಿನ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿಂದ ದೇಶದ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಎರಡು ವರ್ಷಗಳಿಗೂ ಮಿಗಿಲಾದ ಈ ಅವಧಿಯಲ್ಲಿ ಥಿಂಡ್ ಅವರ ಸ್ಥಿತಿ ವಿಚಿತ್ರವಾದುದಾಗಿತ್ತು. ಪೌರತ್ವದ ಪತ್ರ ಕೈಯಲ್ಲಿತ್ತು. ಅದು ನಾಳೆಯೂ ಇರುತ್ತದೆಂಬ ಭರವಸೆ ಇರಲಿಲ್ಲ. ಹಿಂದಿರುಗೋಣವೆಂದರೆ ತಾಯ್ನಾಡು ಪರರ ಆಳ್ವಿಕೆಯಲ್ಲಿತ್ತು. ಇದು ಅವರೊಬ್ಬರ ಚಿಂತೆಯೂ ಆಗಿರಲಿಲ್ಲ. ಅಮೆರಿಕದಲ್ಲಿ ನೆಲೆಸಿದ್ದ ಭಾರತೀಯರೆಲ್ಲರ ಹಣೆಬರಹ ಆ ತೀರ್ಪಿನಲ್ಲಿ ಅಡಗಿತ್ತು.

ಈ ನಡುವೆ 1922ರ ನವೆಂಬರಿನಲ್ಲಿ ಜಪಾನಿನ ತಕಾವೊ ಓಜಾವಾ ಎಂಬವರ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಶ್ವೇತವರ್ಣೀಯರೆಂದರೆ ಕಕೇಷಿಯನ್ ಜನಾಂಗದವರೆಂದು ಅದು ವಿವರಿಸಿತು. ಉತ್ತರ ಭಾರತದ ಜನರನ್ನು ಆ ಕಾಲದ ಪಂಡಿತರು ಅದೇ ಜನಾಂಗಕ್ಕೆ ಸೇರಿಸಿದ್ದುದರಿಂದ ಥಿಂಡ್ ಅವರ ಆಸೆ ಚಿಗುರಿತು. 1923ರ ಜನವರಿಯಲ್ಲಿ ವಾದ ನಡೆಯಿತು. ಅವರ ಪರವಾಗಿ ನಿಂತವರಲ್ಲಿ ಸಖಾರಾಂ ಗಣೇಶ ಪಂಡಿತ್ ಎಂಬ ಭಾರತೀಯ ವಕೀಲರೂ ಒಬ್ಬರು. ಥಿಂಡ್ ಅವರು ಆರ್ಯ ಮೂಲದವರು, ಉಚ್ಚ ಜಾತಿಯವರು, ಆದುದರಿಂದ ಶ್ವೇತವರ್ಣೀಯರು ಎಂಬುದೇ ವಾದದ ತಿರುಳಾಗಿತ್ತು. ಸರ್ವರೂ ಸಮಾನರೆಂದು ಸಾರಿದ ಗುರುನಾನಕರ ಅನುಯಾಯಿಯ ಪರವಾಗಿ ಜಾತಿಯ ಹಿರಿಮೆಯನ್ನು ಹೇಳಬೇಕಾಗಿ ಬಂದುದು ವಿಷಾದದ ಸಂಗತಿ. ಮನುಷ್ಯರನ್ನು ಬಣ್ಣದಿಂದ ಬೇರ್ಪಡಿಸುವ ಗೋಡೆಯೇ ಅನ್ಯಾಯವೆಂದು ಆ ವಾದ ಹೇಳಲಿಲ್ಲ. ಗೋಡೆಯ ಒಳಗೆ ತಮಗೊಂದು ಸ್ಥಳವನ್ನು ಮಾತ್ರ ಬೇಡಿತು.

1923ರ ಫೆಬ್ರವರಿ 19ರಂದು ತೀರ್ಪು ಹೊರಬಿತ್ತು. ಪಂಡಿತರ ವರ್ಗೀಕರಣ ಮುಖ್ಯವಲ್ಲ, ಸಾಮಾನ್ಯ ಜನರು ಯಾರನ್ನು ಶ್ವೇತವರ್ಣೀಯರೆಂದು ತಿಳಿಯುತ್ತಾರೋ ಅವರೇ ಶ್ವೇತವರ್ಣೀಯರು ಎಂದು ನ್ಯಾಯಾಲಯ ಏಕಕಂಠದಿಂದ ನಿರ್ಣಯಿಸಿತು. ಮೂರು ತಿಂಗಳ ಹಿಂದೆ ಓಜಾವಾ ಅವರ ಅರ್ಜಿಯನ್ನು ತಿರಸ್ಕರಿಸುವಾಗಲೂ, ಈಗ ಥಿಂಡ್ ಅವರ ಹಕ್ಕನ್ನು ನಿರಾಕರಿಸುವಾಗಲೂ ತೀರ್ಪನ್ನು ಬರೆದವರು ಸದರ್ಲೆಂಡ್ ಎಂಬ ಒಬ್ಬರೇ ನ್ಯಾಯಾಧೀಶರು. ಥಿಂಡ್ ಅವರ ಪೌರತ್ವ ಎರಡನೆಯ ಬಾರಿಯೂ ರದ್ದಾಯಿತು. ಇದರ ಬಿಸಿ ಇತರ ಭಾರತೀಯರನ್ನೂ ತಟ್ಟಿತು. ಈಗಾಗಲೇ ಪೌರರಾಗಿದ್ದ ಅನೇಕರ ಮೇಲೆ ಸರ್ಕಾರ ಮೊಕದ್ದಮೆ ಹೂಡಿತು. ಪೌರತ್ವಕ್ಕೆ ಅರ್ಹರಲ್ಲದವರು ಭೂಮಿಯ ಒಡೆತನ ಹೊಂದಬಾರದೆಂಬ ಕಾನೂನು ಕ್ಯಾಲಿಫೋರ್ನಿಯದಲ್ಲಿ ಇದ್ದುದರಿಂದ, ಬೆವರು ಸುರಿಸಿ ಬೇಸಾಯ ಮಾಡುತ್ತಿದ್ದ ಪಂಜಾಬಿನ ರೈತರು ಸಂಕಟಕ್ಕೆ ಸಿಲುಕಿದರು. ವಕೀಲರಾದ ಪಂಡಿತರ ಪೌರತ್ವಕ್ಕೂ ಕುತ್ತು ಬಂದಿತು; ಅವರು ದೀರ್ಘಕಾಲ ಹೋರಾಡಿ ಅದನ್ನು ಉಳಿಸಿಕೊಂಡರು.

ಇಷ್ಟಾದರೂ ಥಿಂಡ್ ಅವರು ಆ ದೇಶವನ್ನು ತೊರೆಯಲಿಲ್ಲ. ಕಹಿಯನ್ನು ಮನಸ್ಸಿನಲ್ಲಿ ತುಂಬಿಕೊಳ್ಳಲೂ ಇಲ್ಲ. ಅಧ್ಯಯನವನ್ನು ಮುಂದುವರಿಸಿದರು. ಊರೂರುಗಳಲ್ಲಿ ಸಂಚರಿಸಿ ಭಾರತದ ಅಧ್ಯಾತ್ಮವನ್ನು ಕುರಿತು ಉಪನ್ಯಾಸಗಳನ್ನು ನೀಡಿದರು. ಗುರುನಾನಕ್, ಕಬೀರರ ತತ್ತ್ವಗಳೊಡನೆ ಅಮೆರಿಕದ ಎಮರ್ಸನ್, ಥೋರೋ, ವ್ಹಿಟ್ಮನ್ ಅವರ ವಿಚಾರಗಳನ್ನೂ ಹೆಣೆದು ಹೇಳುತ್ತಿದ್ದರು. ತಮ್ಮನ್ನು ತನ್ನವರೆಂದು ಒಪ್ಪದ ನಾಡಿನ ಜನರಿಗೆ ಅವರು ತಮ್ಮ ಜ್ಞಾನವನ್ನು ಉದಾರವಾಗಿ ಹಂಚಿದರು.

ಕಾಲಚಕ್ರ ಮೆಲ್ಲನೆ ಉರುಳಿತು. ಮೊದಲನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಏಷ್ಯದ ಯೋಧರಿಗೆ ಪೌರತ್ವ ನೀಡುವ ಕಾಯಿದೆ 1935ರಲ್ಲಿ ಜಾರಿಗೆ ಬಂದಿತು. ಥಿಂಡ್ ಅವರು ಮೂರನೆಯ ಬಾರಿ ಅರ್ಜಿ ಸಲ್ಲಿಸಿದರು. 1936ರಲ್ಲಿ ನ್ಯೂಯಾರ್ಕಿನಲ್ಲಿ ಅವರಿಗೆ ಪೌರತ್ವ ದೊರೆಯಿತು. ಈ ಬಾರಿ ಅದನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಇಪ್ಪತ್ತಾರರ ತರುಣನಾಗಿ ಮೊದಲ ಪತ್ರವನ್ನು ಪಡೆದಿದ್ದ ಅವರಿಗೆ ಆಗ ನಲವತ್ತು ದಾಟಿತ್ತು.

1946ರ ಕಾಯಿದೆಯೊಂದು ಅಮೆರಿಕದಲ್ಲಿದ್ದ ಇತರ ಭಾರತೀಯರಿಗೂ ಪೌರತ್ವದ ಬಾಗಿಲನ್ನು ತೆರೆಯಿತು. 1952ರಲ್ಲಿ ಜನಾಂಗದ ನಿರ್ಬಂಧವನ್ನೇ ಪೌರತ್ವದ ಕಾನೂನಿನಿಂದ ತೆಗೆದುಹಾಕಲಾಯಿತು. ಇವೆರಡನ್ನೂ ಕಣ್ಣಾರೆ ಕಂಡ ಥಿಂಡ್ ಅವರು 1967ರ ಸೆಪ್ಟೆಂಬರ್ 15ರಂದು ನಿಧನ ಹೊಂದಿದರು.

ಥಿಂಡ್ ಅವರನ್ನು ಕೊನೆಗೆ ಪೌರರನ್ನಾಗಿ ಮಾಡಿದುದು ಆರ್ಯ ಮೂಲದ ವಾದವಲ್ಲ, ಜಾತಿಯ ಹಿರಿಮೆಯೂ ಅಲ್ಲ; ಅವರು ಯೋಧರಾಗಿ ಸಲ್ಲಿಸಿದ ಸೇವೆ. ಆ ಸೇವೆ 1918ರಲ್ಲಿಯೇ ಎಲ್ಲರ ಕಣ್ಣಿಗೂ ಕಾಣುವಂತಿತ್ತು. ಅದನ್ನು ಮನಗಾಣಲು ಒಂದು ಮಹಾರಾಷ್ಟ್ರಕ್ಕೆ ಹದಿನೆಂಟು ವರ್ಷಗಳು ಬೇಕಾದವು. ಅಷ್ಟು ಕಾಲವೂ ತಾಳ್ಮೆಗೆಡದೆ, ತಮ್ಮ ಕೆಲಸವನ್ನೂ ಬಿಡದೆ ಬಾಳಿದುದರಲ್ಲಿ ಥಿಂಡ್ ಅವರ ಹಿರಿಮೆ ಇದೆ.