ಪಾಠ ಹೇಳಿ ಓದಿದ ಹುಡುಗ

ಈ ಸಲದ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಬರೆದುಕೊಡು ಅಂತ ಸಂಪಾದಕ ಮಿತ್ರರು ಕೇಳಿದಾಗ ನಾನು ಎರಡು ದಿನ ತಪ್ಪಿಸಿಕೊಂಡು ತಿರುಗಿದೆ. ನಾನು ಬಿ.ಕಾಂ. ಓದುವವನು. ಸಾಹಿತ್ಯಕ್ಕೂ ನನಗೂ ಇರುವುದು ಡೆಬಿಟ್-ಕ್ರೆಡಿಟ್ ಸಂಬಂಧ: ಸಂಘದ ಕಾಫಿ ಕುಡಿಯುತ್ತೇನೆ, ಬದಲಿಗೆ ಕುರ್ಚಿ ಹಾಕುತ್ತೇನೆ. ಮೂರನೆಯ ದಿನ ಸಿಕ್ಕಿಬಿದ್ದೆ. ಸರಿ, ವಿಶ್ವೇಶ್ವರಯ್ಯನವರ ಬಗ್ಗೆ ಬರೆಯುತ್ತೇನೆ ಅಂದೆ. ಸಂಪಾದಕರ ಮುಖ ಸಪ್ಪಗಾಯಿತು. ಮೇಣದಬತ್ತಿ ಕಥೆ ಮತ್ತೆ ಬೇಡ ಮಾರಾಯ ಅಂದರು.

ಓದುಗರೆ, ಮೇಣದಬತ್ತಿ ಕಥೆ ನಾನು ಹೇಳುವುದಿಲ್ಲ. ಅದು ನಮ್ಮೆಲ್ಲರಿಗೂ ಮೂರನೇ ಕ್ಲಾಸಿನಿಂದ ಗೊತ್ತು. ಕನ್ನಂಬಾಡಿ ಕಟ್ಟೆಯ ಅಳತೆಯನ್ನೂ ಕೊಡುವುದಿಲ್ಲ. ನಾನು ಹೇಳಹೊರಟಿರುವುದು ಅವರು ಸರ್ ಆಗುವುದಕ್ಕೆ ಮುಂಚೆ, ದಿವಾನರಾಗುವುದಕ್ಕೆ ಮುಂಚೆ, ಕಾಲೇಜಿಗೆ ಸೇರಿದ ಬಡ ಹುಡುಗನಾಗಿದ್ದ ನಾಲ್ಕಾರು ವರ್ಷಗಳ ಮಾತು. ಅದನ್ನು ಆರಿಸಿಕೊಂಡದ್ದಕ್ಕೆ ನನ್ನದೇ ಒಂದು ಕಾರಣವಿದೆ. ಅದನ್ನೂ ನಡುವೆ ಹೇಳುತ್ತೇನೆ.

ನಮ್ಮೂರು ಚಿಕ್ಕಬಳ್ಳಾಪುರದ ಕಡೆಯದು. ಏಳನೇ ತರಗತಿಯಲ್ಲಿದ್ದಾಗ ಮೇಷ್ಟರು ನಮ್ಮನ್ನು ನಂದಿಬೆಟ್ಟದ ಬುಡದಲ್ಲಿರುವ ಮುದ್ದೇನಹಳ್ಳಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ನೋಡಿದೆವು. ನನಗೆ ನೆನಪಿರುವುದು ಮನೆಗಿಂತ ಆವತ್ತಿನ ಚಿತ್ರಾನ್ನ. 1861ರ ಸೆಪ್ಟೆಂಬರ್ 15 ಅವರ ಜನ್ಮದಿನ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಹಿರಿಯರು ಆಂಧ್ರದ ಕಡೆಯ ಮೋಕ್ಷಗುಂಡಂ ಎಂಬ ಊರಿನಿಂದ ಬಂದವರಾದ್ದರಿಂದ ಹೆಸರಿನ ಮುಂದೆ ಆ ಊರು ಉಳಿದುಕೊಂಡಿತು. ಮನೆಯಲ್ಲಿ ವಿದ್ಯೆ ಇತ್ತು, ದುಡ್ಡು ಇರಲಿಲ್ಲ. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದುತ್ತಿದ್ದ ಹುಡುಗ ಇನ್ನೂ ಚಿಕ್ಕವನಾಗಿದ್ದಾಗಲೇ ತಂದೆ ತೀರಿಕೊಂಡರು. ಇದ್ದ ಅಷ್ಟಿಷ್ಟು ಆಸರೆಯೂ ಹೋಯಿತು.

ಆಗ ಕೈಹಿಡಿದವರು ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರು. ಹುಡುಗ ಅವರ ಮನೆ ಸೇರಿ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ ಓದಿದ. ಆಮೇಲೆ ಸೆಂಟ್ರಲ್ ಕಾಲೇಜು. ಮಾವನ ಮನೆ ಇದ್ದರೂ ಕಾಲೇಜಿನ ಫೀಸು, ಪುಸ್ತಕ, ಬಟ್ಟೆ ಎಲ್ಲದಕ್ಕೂ ಕೈಯೊಡ್ಡುತ್ತಾ ಇರಲಾಗದು. ಆದ್ದರಿಂದ ಕೊಡಗಿನ ಮುದ್ದಯ್ಯ ಎಂಬುವರ ಮನೆಯ ಮಕ್ಕಳಿಗೆ ಪಾಠ ಹೇಳುವ ಕೆಲಸ ಹಿಡಿದ. ಅಂದರೆ ಹಗಲು ತಾನು ವಿದ್ಯಾರ್ಥಿ, ಉಳಿದ ಹೊತ್ತು ತಾನೇ ಮೇಷ್ಟರು. ಮಾವನ ಮನೆ, ಪಾಠದ ಮನೆ, ಕಾಲೇಜು, ಈ ಮೂರರ ನಡುವೆ ಓಡಾಟಕ್ಕೆ ಕಾಲೇ ಗಾಡಿ.

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಬೇಕು. ಕ್ಷಮಿಸಿ, ಎರಡೇ ಪುಟ.

ನನಗೂ ಒಬ್ಬ ಮಾವ. ಇಲ್ಲೇ ಬೆಸೆಂಟ್ ನಗರದಲ್ಲಿ ಬೇಕರಿಯಲ್ಲಿ ಕೆಲಸ. ಪಿ.ಯು.ಸಿ. ಮುಗಿದ ಮೇಲೆ ಮದ್ರಾಸಿನಲ್ಲಿ ಓದಿಸುತ್ತೇನೆ ಕಳಿಸಿ ಅಂತ ಅವರೇ ಹೇಳಿದರು. ಒಂದೇ ಕೋಣೆಯ ಮನೆ, ಅವರು ಮೂರು ಜನ, ನಾನು ನಾಲ್ಕನೆಯವ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಲ್ಲಿ ಪಾಠ ಇಂಗ್ಲಿಷು, ಬಸ್ಸು ತಮಿಳು. ಮೊದಲನೆ ತಿಂಗಳು 29ಸಿ ಬಸ್ಸಿನ ಕಂಡಕ್ಟರಿಗೆ ಇಳಿಯುವ ಜಾಗ ಹೇಳಲು ಬಾರದೆ ಕಡೆಯ ಸ್ಟಾಪಿಗೇ ಟಿಕೆಟ್ ತೆಗೆದುಕೊಂಡು ನಡುವೆ ಇಳಿದುಬಿಡುತ್ತಿದ್ದೆ. ಹೆಚ್ಚಿಗೆ ಕೊಟ್ಟ ದುಡ್ಡು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ತಿಂಗಳಿಗೆ 140 ರೂಪಾಯಿ ದಂಡ. ಲೆಕ್ಕಶಾಸ್ತ್ರದ ಮೇಷ್ಟರು ಜರ್ನಲ್ ಎಂಟ್ರಿ ಹೇಳಿಕೊಡುವ ಮೊದಲೇ ನಾನು ನನ್ನ ಖರ್ಚಿನ ಪುಸ್ತಕ ಇಟ್ಟಿದ್ದೆ. ಬಸ್ಸು, ಜೆರಾಕ್ಸ್, ಮೊಬೈಲ್ ರೀಚಾರ್ಜ್, ಮಧ್ಯಾಹ್ನ ಎರಡು ಬೋಂಡ. ಗೆಳೆಯರು ಕ್ಯಾಂಟೀನಿಗೆ ಕರೆದರೆ ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದೆ. ಒಂದು ವರ್ಷ ನನ್ನ ಹೊಟ್ಟೆ ಸರಿಯೇ ಹೋಗಲಿಲ್ಲ ಅಂತ ಅವರು ಈಗಲೂ ನಗುತ್ತಾರೆ.

ಮೊದಲನೆ ಕಂತಿನ ಫೀಸು ರೇಷ್ಮೆ ಗೂಡಿನ ದುಡ್ಡು. ನಮ್ಮ ಕಡೆ ಮನೆಮನೆಯಲ್ಲೂ ಹುಳು ಸಾಕುತ್ತಾರೆ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುತ್ತಾರೆ. ಎರಡನೆ ಕಂತಿನ ಹೊತ್ತಿಗೆ ಹುಳಕ್ಕೆ ಸುಣ್ಣಕಟ್ಟು ರೋಗ ಬಂತು. ಹುಳು ಬೆಳ್ಳಗೆ ಸುಣ್ಣದ ಕಡ್ಡಿ ಹಾಗೆ ಆಗಿ ಸಾಯುತ್ತೆ, ಒಂದಕ್ಕೆ ಬಂದರೆ ಇಡೀ ತಟ್ಟೆ ಹೋದಂತೆ. ಅಪ್ಪ ಫೋನಿನಲ್ಲಿ ಅದನ್ನು ಹೇಳಲಿಲ್ಲ. ಇನ್ನೊಂದು ವಾರ ತಡಿಯೋಕೆ ಆಗುತ್ತಾ ಅಂತಷ್ಟೆ ಕೇಳಿದರು. ರೋಗದ ಸಮಾಚಾರ ತಂಗಿ ಹೇಳಿದಳು. ಅಮ್ಮನ ಓಲೆ ಬ್ಯಾಂಕಿಗೆ ಹೋಗಿದೆ ಅಂತಲೂ ಅವಳೇ ಹೇಳಿದಳು.

ಆವತ್ತು ಸಂಜೆ ಎಲಿಯಟ್ಸ್ ಬೀಚಿಗೆ ಹೋಗಿ ಷ್ಮಿಟ್ ಸ್ಮಾರಕದ ಹತ್ತಿರ ಕೂತೆ. ಓದು ಬಿಟ್ಟು ಊರಿಗೆ ಹೋಗುವುದೆಂದು ತೀರ್ಮಾನ ಮಾಡಿಯಾಗಿತ್ತು. ರಾತ್ರಿ ಮಾವನಿಗೆ ಹೇಳಿದೆ. ಮಾವ ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತಾನು ಬ್ರೆಡ್ ಕೊಡುವ ಒಂದು ಫ್ಲಾಟಿನಲ್ಲಿ ಕನ್ನಡದವರಿದ್ದಾರೆ, ಅವರ ಹುಡುಗನಿಗೆ ಗಣಿತವೂ ಕನ್ನಡ ಅಕ್ಷರವೂ ಹೇಳಿಕೊಡುವವರು ಬೇಕಂತೆ, ನಾಳೆ ಆರು ಗಂಟೆಗೆ ಹೋಗು ಅಂದರು. ಹೋದೆ. ತಿಂಗಳಿಗೆ 1500 ರೂಪಾಯಿ. ಹುಡುಗ ಆರನೇ ಕ್ಲಾಸು, ನನ್ನ ಇಂಗ್ಲಿಷನ್ನು ಅವನೇ ತಿದ್ದುತ್ತಿದ್ದ. ನಾನು ಅವನ ಒತ್ತಕ್ಷರ ತಿದ್ದುತ್ತಿದ್ದೆ. ಇಬ್ಬರಿಗೂ ಲಾಭ. ಆಮೇಲೆ ಇನ್ನೆರಡು ಮನೆ ಸಿಕ್ಕವು. ಕೊನೆಯ ಕಂತಿಗೆ ಊರಿನಿಂದ ದುಡ್ಡು ತರಿಸಲಿಲ್ಲ.

ಆಗ ನನಗೆ ವಿಶ್ವೇಶ್ವರಯ್ಯನವರ ನೆನಪೇನೂ ಬಂದಿರಲಿಲ್ಲ. ಸುಳ್ಳು ಯಾಕೆ ಬರೆಯಲಿ? ಎರಡನೆ ವರ್ಷದಲ್ಲಿ ಅವರ ಜೀವನ ಓದುವಾಗ ಮುದ್ದಯ್ಯನವರ ಮನೆಯ ವಿಷಯ ಬಂತು. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಚಿತ್ರಾನ್ನ ತಿಂದು ಬಂದ ಮನೆಯ ಹುಡುಗ ಇವನೇ ಅಲ್ಲವೆ ಅನ್ನಿಸಿತು.

ಇರಲಿ, ಕಥೆಗೆ ಬರೋಣ. ಮೈಸೂರು ಸಂಸ್ಥಾನಕ್ಕೆ ಆಗ ಸ್ವಂತ ವಿಶ್ವವಿದ್ಯಾನಿಲಯ ಇರಲಿಲ್ಲ. ಸೆಂಟ್ರಲ್ ಕಾಲೇಜು 1857ರಲ್ಲಿ ಸ್ಥಾಪನೆಯಾದ ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಬೆಂಗಳೂರಿನಲ್ಲಿ ಓದಿದರೂ ಡಿಗ್ರಿ ಮದ್ರಾಸಿನದು. ನಾವು ಕೂತು ಕಡಲೆ ತಿನ್ನುವ ಈ ಕಡಲ ದಂಡೆಯನ್ನೇ ಹಿಡಿದು ಉತ್ತರಕ್ಕೆ ಹೋದರೆ ಮರೀನಾ ಎದುರಿಗೆ ಕೆಂಪು ಸೆನೆಟ್ ಹೌಸ್ ಸಿಗುತ್ತದೆ. ಆ ಕಟ್ಟಡ ಮುಗಿದದ್ದು 1879ರಲ್ಲಿ, ಅಂದರೆ ನಮ್ಮ ಹುಡುಗ ಬೆಂಗಳೂರಿನಲ್ಲಿ ಪಾಠ ಹೇಳುತ್ತಾ ಓದುತ್ತಿದ್ದ ದಿನಗಳಲ್ಲಿ. ಎರಡು ವರ್ಷದೊಳಗೆ ಅವನು ಈ ವಿಶ್ವವಿದ್ಯಾನಿಲಯದ ಬಿ.ಎ. ಪದವೀಧರನಾದ.

ಕಾಲೇಜಿನ ಪ್ರಿನ್ಸಿಪಾಲರು ಚಾರ್ಲ್ಸ್ ವಾಟರ್ಸ್ ಎಂಬ ಇಂಗ್ಲಿಷಿನವರು. ಗಣಿತದಲ್ಲಿ ಚುರುಕಾಗಿದ್ದ ಈ ಹುಡುಗನ ಮೇಲೆ ಅವರಿಗೆ ಬಹಳ ವಿಶ್ವಾಸ. ವೆಬ್‌ಸ್ಟರ್ ನಿಘಂಟೊಂದನ್ನು ಬಹುಮಾನ ಕೊಟ್ಟರೆಂದು ಜೀವನಚರಿತ್ರೆಗಳು ಹೇಳುತ್ತವೆ. ದುಡ್ಡಿಲ್ಲದ ಹುಡುಗನಿಗೆ ದೊಡ್ಡ ಪುಸ್ತಕ ಸಿಕ್ಕುವುದು ಎಂದರೇನು ಅಂತ ಅಕೌಂಟೆನ್ಸಿ ಪುಸ್ತಕವನ್ನು ಮೂರು ಜನ ಸೇರಿ ಕೊಂಡ ನಮಗೆ ಬೇರೆ ಹೇಳಬೇಕಾಗಿಲ್ಲ.

ಬಿ.ಎ. ಆದ ಮೇಲೆ ಎಂಜಿನಿಯರಿಂಗ್ ಓದುವ ಆಸೆ. ಅದಕ್ಕೆ ಪುಣೆಗೆ ಹೋಗಬೇಕು. ಟ್ಯೂಷನ್ ಹೇಳಿ ಪುಣೆಯಲ್ಲಿ ಓದಲಾಗದು. 1881ರಲ್ಲಿ ಮೈಸೂರು ರಾಜ್ಯ ಬ್ರಿಟಿಷರ ಕೈಯಿಂದ ಒಡೆಯರ ಕೈಗೆ ಮರಳಿ ಬಂದಿತ್ತು, ರಂಗಾಚಾರ್ಲು ದಿವಾನರಾಗಿದ್ದರು. ಆ ಸರ್ಕಾರದ ವಿದ್ಯಾರ್ಥಿವೇತನ ಈ ಹುಡುಗನಿಗೆ ಸಿಕ್ಕಿತು. ಪುಣೆಯ ಸೈನ್ಸ್ ಕಾಲೇಜಿಗೆ ಸೇರಿ 1883ರ ಪರೀಕ್ಷೆಯಲ್ಲಿ ಮೊದಲನೆಯವನಾಗಿ ತೇರ್ಗಡೆಯಾದ. ವಿದ್ಯಾರ್ಥಿವೇತನ ಕೊಟ್ಟ ಸರ್ಕಾರದ ದಿವಾನರು ಅದೇ 1883ರಲ್ಲಿ ಇದೇ ಮದ್ರಾಸಿನಲ್ಲಿ ತೀರಿಹೋದರು. ತಾವು ಹೂಡಿದ ಬಂಡವಾಳ ಎಷ್ಟು ಲಾಭ ತಂದಿತೆಂಬುದನ್ನು ಅವರು ನೋಡಲಿಲ್ಲ.

ಆಮೇಲಿನದು ನಿಮಗೆ ಗೊತ್ತು. 1884ರಲ್ಲಿ ಮುಂಬಯಿ ಸರ್ಕಾರದಲ್ಲಿ ಸಹಾಯಕ ಎಂಜಿನಿಯರ್. 1903ರಲ್ಲಿ ಪುಣೆಯ ಹತ್ತಿರ ಖಡಕ್‌ವಾಸ್ಲಾ ಜಲಾಶಯಕ್ಕೆ, ನೀರು ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲು. 1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರ್, 1911ರಲ್ಲಿ ಕನ್ನಂಬಾಡಿ ಕೆಲಸದ ಆರಂಭ, 1912ರಿಂದ 1918ರವರೆಗೆ ದಿವಾನಗಿರಿ. ನಾನು ಕಾಮರ್ಸಿನವನಾದ್ದರಿಂದ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು 1913ರ ಮೈಸೂರು ಬ್ಯಾಂಕು. ಮುಂದೆ ಅದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಆಗಿ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಅಪ್ಪ ಈಗಲೂ ಮೈಸೂರು ಬ್ಯಾಂಕು ಅಂತಲೇ ಅನ್ನುವುದು. ಅಮ್ಮನ ಓಲೆ ಹೋಗಿದ್ದೂ ಅಲ್ಲಿಗೇ.

ಇನ್ನೊಂದು 1916. ಆ ವರ್ಷ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಬೇರೆ ಊರಿನ ವಿಶ್ವವಿದ್ಯಾನಿಲಯದ ಪದವಿ ಪಡೆದ ಹುಡುಗ ದಿವಾನನಾದ ಮೇಲೆ ತನ್ನ ನಾಡಿನ ಮಕ್ಕಳಿಗೆ ತನ್ನ ನಾಡಿನಲ್ಲೇ ಒಂದನ್ನು ಕಟ್ಟಿಸಿಕೊಟ್ಟರು.

ಇಲ್ಲಿಗೆ ನಿಲ್ಲಿಸಿದ್ದರೆ ಲೇಖನ ಚೆನ್ನಾಗಿತ್ತು. ಆದರೆ ಒಂದು ಮಾತು ಬರೆಯಬೇಕೋ ಬೇಡವೋ ಅಂತ ಮೂರು ಸಲ ಹೊಡೆದು ಹಾಕಿ ನಾಲ್ಕನೆ ಸಲ ಉಳಿಸಿಕೊಂಡಿದ್ದೇನೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ಕೆಲಸದಲ್ಲಿ ಹಿಂದುಳಿದ ಜನರಿಗೆ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಯೋಗ್ಯತೆಯೊಂದೇ ಅಳತೆಗೋಲಾಗಬೇಕು, ಇಲ್ಲವಾದರೆ ಆಡಳಿತ ಕೆಡುತ್ತದೆ, ಮೊದಲು ವಿದ್ಯೆ ಹರಡಲಿ ಎಂಬುದು ಅವರ ನಿಲುವು. ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು.

ನಾನು ಹೈಸ್ಕೂಲೂ ಪಿ.ಯು.ಸಿ.ಯೂ ಓದಿದ್ದು ಚಿಕ್ಕಬಳ್ಳಾಪುರದ ಹಿಂದುಳಿದ ವರ್ಗಗಳ ಹಾಸ್ಟೆಲಿನ ಮುದ್ದೆ ಉಂಡು. ಆ ಮುದ್ದೆ ಇಲ್ಲದಿದ್ದರೆ ನಾನು ಗೂಡು ಬಿಡಿಸುತ್ತಾ ಊರಲ್ಲೇ ಇರುತ್ತಿದ್ದೆ. ಆದ್ದರಿಂದ ಈ ಪುಟ ಓದಿದಾಗ ನನಗೆ ಬೇಜಾರಾಯಿತು. ನಮ್ಮ ಜಿಲ್ಲೆಯವರು, ಬಡತನ ಉಂಡವರು, ಇವರೂ ಹೀಗೆಯೇ ಅಂತ. ಆಮೇಲೆ ಲೆಕ್ಕ ಹಾಕಿ ನೋಡಿದೆ. ಅವರ ಯೋಗ್ಯತೆ ಅವರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಯೋಗ್ಯತೆ ಪರೀಕ್ಷೆಯ ಕೋಣೆಯವರೆಗೆ ನಡೆದು ಬರಲು ಮಾವನ ಮನೆ ಬೇಕಾಯಿತು, ಮುದ್ದಯ್ಯನವರ ಮನೆ ಬೇಕಾಯಿತು, ವಾಟರ್ಸ್ ಬೇಕಾದರು, ಸರ್ಕಾರದ ದುಡ್ಡು ಬೇಕಾಯಿತು. ಮನೆಯಲ್ಲಿ ಮೊದಲೇ ಇದ್ದ ವಿದ್ಯೆಯೂ ಬೇಕಾಯಿತು. ಅದು ಬ್ಯಾಲೆನ್ಸ್ ಶೀಟಿನಲ್ಲಿ ಕಾಣದ ಆಸ್ತಿ. ಎಷ್ಟೋ ಮನೆಗಳಲ್ಲಿ ಅದೂ ಇರುವುದಿಲ್ಲ. ಅಂಥ ಮನೆಗಳ ಮಕ್ಕಳಿಗೆ ಇವರ ಹಾಗೆ ಒಂದು ಸಂಬಂಧ, ಒಂದು ಪರಿಚಯ ಸಿಗುವುದೂ ಕಷ್ಟ. ಅವರಿಗೆ ಸರ್ಕಾರವೇ ಮಾವನಾಗಬೇಕು ಅಂತ ನನ್ನ ಅಭಿಪ್ರಾಯ. ಇಷ್ಟು ಹೇಳಿದ ಮಾತ್ರಕ್ಕೆ ಅವರ ಮೇಲಿನ ಗೌರವ ನನಗೆ ಕಮ್ಮಿಯಾಗಿಲ್ಲ. ಒಂದು ಕಡೆ ಒಪ್ಪದೆ ಇದ್ದವರನ್ನೂ ಇನ್ನೊಂದು ಕಡೆ ಮೆಚ್ಚಬಹುದು ಅಂತ ಕಲಿತದ್ದೇ ನನಗೆ ಈ ಓದಿನಿಂದ ಬಂದ ಲಾಭ.

1951ರಲ್ಲಿ ಅವರು ತಮ್ಮ ಕೆಲಸದ ಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದರು. ಹೆಸರೇ ಹೇಳುವಂತೆ ಅದೆಲ್ಲ ಕೆಲಸದ ವಿಚಾರ. ಹುಡುಗತನದ ಕಷ್ಟಕ್ಕೆ ಅಲ್ಲಿ ಸಿಗುವ ಜಾಗ ತೀರ ಕಡಿಮೆ. 1955ರಲ್ಲಿ ಭಾರತರತ್ನ ಬಂತು. ನೂರು ವರ್ಷ ದಾಟಿ 1962ರ ಏಪ್ರಿಲ್‌ನಲ್ಲಿ ಕಣ್ಣು ಮುಚ್ಚಿದರು. ಅವರ ಸಮಾಧಿ ಹುಟ್ಟಿದೂರಾದ ಮುದ್ದೇನಹಳ್ಳಿಯಲ್ಲೇ ಇದೆ.

ನಾನೀಗ ಕೊನೆಯ ವರ್ಷ. ನನ್ನ ಮೂರು ಟ್ಯೂಷನ್ ಮನೆಗಳನ್ನು ಮುಂದಿನ ಜೂನ್‌ನಲ್ಲಿ ಬಿಡಬೇಕಾಗುತ್ತೆ. ಮೊದಲನೆ ವರ್ಷದ ತಮ್ಮಂದಿರು, ತಂಗಿಯರು ಯಾರಿಗಾದರೂ ಹೊಟ್ಟೆ ಸರಿಯಿಲ್ಲದಿದ್ದರೆ, ಅಂದರೆ ನನ್ನ ಹಾಗೆ ಸರಿಯಿಲ್ಲದಿದ್ದರೆ, ನಾಚಿಕೊಳ್ಳಬೇಡಿ. ಶನಿವಾರ ಸಂಘದ ಕೋಣೆಯಲ್ಲಿ ಕುರ್ಚಿ ಹಾಕುತ್ತಾ ಇರುತ್ತೇನೆ, ಬಂದು ಕೇಳಿ. ಆರನೇ ಕ್ಲಾಸಿನ ಆ ಹುಡುಗ ಈಗ ಎಂಟನೇ ಕ್ಲಾಸು. ಒತ್ತಕ್ಷರ ಚೆನ್ನಾಗಿ ಬರೆಯುತ್ತಾನೆ, ಬೀಜಗಣಿತದಲ್ಲಿ ಸ್ವಲ್ಪ ಹಿಂದೆ. ಇಂಗ್ಲಿಷ್ ಅವನೇ ಹೇಳಿಕೊಡುತ್ತಾನೆ.