ಗಂಗಾಮೂಲದ ಕೂಸು, ಕೇಡಗಾಂವದ ತಾಯಿ

ಕಾರ್ಕಳದಿಂದ ಬಜಗೋಳಿ ದಾಟಿ ಕುದುರೆಮುಖದ ಘಾಟಿ ಹತ್ತುವ ಬಸ್ಸಿನಲ್ಲಿ ದಿನಾ ಎಷ್ಟೋ ಜನ ಹೋಗಿ ಬರುತ್ತಾರೆ. ಮಾಳ ಬಂತು ಅಂತ ಕಂಡಕ್ಟರ್ ಕೂಗಿದರೆ ಇಳಿಯುವವರು ಇಳಿಯುತ್ತಾರೆ, ಉಳಿದವರು ತೂಕಡಿಕೆ ಮುಂದುವರಿಸುತ್ತಾರೆ. ಇದೇ ಮಾಳದ ಮನೆತನವೊಂದರ ಹೆಣ್ಣುಮಗಳು ಕಲ್ಕತ್ತೆಯ ಪಂಡಿತರನ್ನು ತಲೆದೂಗಿಸಿದಳು, ಇಂಗ್ಲೆಂಡ್, ಅಮೆರಿಕ ಸುತ್ತಿ ಬಂದಳು, ಬರಗಾಲದಲ್ಲಿ ಸಾಯಲಿದ್ದ ನೂರಾರು ಹೆಣ್ಣುಮಕ್ಕಳಿಗೆ ಅನ್ನ ಹಾಕಿದಳು ಎಂಬುದು ಎಷ್ಟು ಮಂದಿಗೆ ಗೊತ್ತು? ಪಂಡಿತಾ ರಮಾಬಾಯಿ ಎಂದರೆ ಪುಣೆಯವರು ಅಂತಲೇ ಹೆಚ್ಚಿನವರ ಲೆಕ್ಕ. ಬೇರು ಮಾತ್ರ ಈ ಘಟ್ಟದ ಬುಡದ್ದು.

ಅಪ್ಪನ ಹಟ

ರಮಾಬಾಯಿಯ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಮಾಳದ ಚಿತ್ಪಾವನ ಬ್ರಾಹ್ಮಣರು. ಸಂಸ್ಕೃತ ಕಲಿಯಲು ಪುಣೆಗೆ ಹೋಗಿದ್ದರು. ಅಲ್ಲಿ ಅವರ ಗುರುಗಳು ಪೇಶ್ವೆ ಎರಡನೇ ಬಾಜಿರಾಯನ ಪತ್ನಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಂಗಸು ಕಲಿಯಬಹುದಾದರೆ ತನ್ನ ಹೆಂಡತಿ ಯಾಕೆ ಕಲಿಯಬಾರದು ಎಂಬ ಹುಳ ಶಾಸ್ತ್ರಿಗಳ ತಲೆಗೆ ಹೊಕ್ಕಿದ್ದು ಆಗಲೇ. ಮೊದಲ ಹೆಂಡತಿಗೆ ಕಲಿಸಲು ಆಗಲಿಲ್ಲ. ಅವರು ತೀರಿಕೊಂಡ ಮೇಲೆ ಲಕ್ಷ್ಮೀಬಾಯಿಯನ್ನು ಮದುವೆಯಾಗಿ, ಆಕೆಗೆ ಕಲಿಸಿದರು.

ಊರು ಸುಮ್ಮನಿರುತ್ತದೆಯೇ? ಗುಲ್ಲೋ ಗುಲ್ಲು. ಉಡುಪಿಯಲ್ಲಿ ವಿದ್ವಾಂಸರ ಎದುರು ಶಾಸ್ತ್ರಿಗಳು ಜವಾಬು ಕೊಡಬೇಕಾಯಿತು. ಗ್ರಂಥಗಳನ್ನೇ ಮುಂದಿಟ್ಟು ಹೆಂಗಸರು ಸಂಸ್ಕೃತ ಕಲಿಯುವುದು ತಪ್ಪಲ್ಲ ಎಂದು ವಾದಿಸಿ ಗೆದ್ದರು. ಆದರೂ ಊರವರ ಮೊಗ ನೆಟ್ಟಗಾಗಲಿಲ್ಲ. ಕೊನೆಗೆ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿ, ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಪಾಠ ಹೇಳತೊಡಗಿದರು. 1858ರ ಎಪ್ರಿಲ್ 23ರಂದು ಆ ಕಾಡಿನಲ್ಲೇ ರಮಾ ಹುಟ್ಟಿದ್ದು.

ಬಂದವರಿಗೆಲ್ಲ ಊಟ ಹಾಕಿ ಹಾಕಿ ಶಾಸ್ತ್ರಿಗಳ ಆಸ್ತಿ ಕರಗಿತು, ಸಾಲ ಬೆಳೆಯಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಮನೆ ಬಿಟ್ಟು ಹೊರಟರು. ಬೆತ್ತದ ಪೆಟ್ಟಿಗೆಯಲ್ಲಿ ಕೂಸನ್ನು ಮಲಗಿಸಿ, ಆಳಿನ ತಲೆ ಮೇಲೆ ಹೊರಿಸಿ ಘಟ್ಟ ಬಿಟ್ಟರಂತೆ. ಅಲ್ಲಿಂದ ಮುಂದೆ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡಿಗೆ, ದೇವಸ್ಥಾನಗಳಲ್ಲಿ ಪುರಾಣ ಓದುವುದೇ ಜೀವನ. ಅಮ್ಮ ಬೆಳಗಿನ ಜಾವ ಎಬ್ಬಿಸಿ ಕಲಿಸಿದ ಶ್ಲೋಕಗಳು ಮಗಳಿಗೆ ಬಾಯಿಪಾಠ.

ಹಸಿವಿನ ಪಾಠ

1870ರ ದಶಕದ ಬರ ಈ ಸಂಸಾರವನ್ನು ನುಂಗಿತು. ಪಾತ್ರೆ, ಒಡವೆ ಮಾರಿ ಆಯಿತು. ಎಲೆ ತಿಂದು ದಿನ ದೂಡಿದರು. ಕೈಚಾಚಲು ನಾಚಿಕೆ, ಕೂಲಿ ಮಾಡಲು ಬರದು. ತಂದೆ ಹೋದರು, ತಾಯಿ ಹೋದರು, ಅಕ್ಕನೂ ಹೋದಳು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಊರೂರು ನಡೆದು 1878ರಲ್ಲಿ ಕಲ್ಕತ್ತೆ ಸೇರಿದರು.

ಇಪ್ಪತ್ತರ ಹುಡುಗಿ ನಿರರ್ಗಳ ಸಂಸ್ಕೃತ ಮಾತಾಡುವುದನ್ನು ಕೇಳಿ ಅಲ್ಲಿನ ಪಂಡಿತರು ಬೆರಗಾದರು. ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ನವೆಂಬರಿನಲ್ಲಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸರ ಜೊತೆ ರಿಜಿಸ್ಟರ್ ಮದುವೆ. ಜಾತಿ ಬೇರೆ, ಭಾಷೆ ಬೇರೆ. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ. ಆ ಮನೆಯ ಪುಸ್ತಕಗಳ ನಡುವೆ ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯೊಂದು ರಮಾಬಾಯಿ ಕೈಗೆ ಸಿಕ್ಕಿತು. ಯೇಸುವಿನ ಕಥೆ ಮನಸ್ಸಿಗೆ ನಾಟಿತು. ಗಂಡನಿಗೆ ಅದು ಹಿಡಿಸಲಿಲ್ಲ. ಅಷ್ಟರಲ್ಲೇ 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನು ಕೊಂಡೊಯ್ದಿತು. ಕೈಯಲ್ಲಿ ಇನ್ನೂ ವರ್ಷ ತುಂಬದ ಮಗಳು ಮನೋರಮಾ.

23ರ ವಿಧವೆ ಮೂಲೆ ಸೇರಲಿಲ್ಲ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಹೆಣ್ಣುಮಕ್ಕಳಿಗೆ ಹೆಂಗಸರೇ ಟೀಚರು, ಹೆಂಗಸರೇ ಡಾಕ್ಟರು ಬೇಕು ಎಂದು ಅದೇ ವರ್ಷ ಹಂಟರ್ ಕಮಿಷನ್ ಎದುರು ಹೇಳಿಕೆ ಕೊಟ್ಟರು.

ಬಾವಿಕಟ್ಟೆಯ ಕಥೆ

ವೈದ್ಯ ಕಲಿಯಬೇಕು ಅಂತ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದರಿಂದ ಆ ಆಸೆ ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ತಂಗಿದ್ದರು. ಆ ಸಿಸ್ಟರುಗಳು ಲಂಡನ್ನಿನಲ್ಲಿ ಒಂದು ಆಶ್ರಯಮನೆ ನಡೆಸುತ್ತಿದ್ದರು. ಊರವರು ಕೆಟ್ಟವಳು ಎಂದು ದಬ್ಬಿದ ಹೆಂಗಸರನ್ನು ಕರೆದು, ಊಟ ಹಾಕಿ, ಕೆಲಸ ಕಲಿಸಿ, ಮನುಷ್ಯರಂತೆ ನಡೆಸಿಕೊಳ್ಳುವ ಜಾಗ ಅದು. ರಮಾಬಾಯಿ ಇಂಥದ್ದನ್ನು ಹಿಂದೆಂದೂ ಕಂಡಿರಲಿಲ್ಲ. ಇದಕ್ಕೆಲ್ಲ ಕಾರಣವೇನು ಎಂದು ಕೇಳಿದಾಗ ಸಿಸ್ಟರು ತೋರಿಸಿದ್ದು ಯೇಸು ಮತ್ತು ಸಮಾರ್ಯದ ಹೆಂಗಸಿನ ಕಥೆ. ಊರೆಲ್ಲ ದೂರವಿಟ್ಟವಳ ಹತ್ತಿರ ಬಾವಿಕಟ್ಟೆಯಲ್ಲಿ ನೀರು ಕೇಳಿ, ಮಾತಾಡಿಸಿದ ಯೇಸು. ರಮಾಬಾಯಿಯ ಮನಸ್ಸು ತಿರುಗಿದ್ದು ಅಲ್ಲಿ. 1883ರ ಸೆಪ್ಟೆಂಬರ್ 29ರಂದು ಮಗಳ ಜೊತೆ ದೀಕ್ಷಾಸ್ನಾನ ಪಡೆದರು.

ದೀಕ್ಷೆ ಪಡೆದ ಮಾತ್ರಕ್ಕೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಹೆಂಗಸಲ್ಲ ಅದು. ಮಠದವರ ಜೊತೆ ಪತ್ರದಲ್ಲಿ ಜಟಾಪಟಿಯೇ ನಡೆಯಿತು. ಪಾದ್ರಿ ಹೇಳಿದ್ದಾರೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪಲಿಲ್ಲ. ಮಾಂಸ ಮುಟ್ಟಲಿಲ್ಲ, ಸೀರೆ ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು ಎಂದು ಕೇಳಿದರು. ಅನಂತ ಶಾಸ್ತ್ರಿಗಳ ಮಗಳಲ್ಲವೇ!

1886ರಲ್ಲಿ ಅಮೆರಿಕಕ್ಕೆ ಹೋದರು. ಭಾರತದ ವಿಧವೆಯರ ಪಾಡನ್ನು ಊರೂರಲ್ಲಿ ಹೇಳಿದರು, ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು. ಅದು 10 ವರ್ಷ ಹಣ ಕೊಡಲು ಒಪ್ಪಿತು. 1889ರ ಮಾರ್ಚ್ 11ರಂದು ಬೊಂಬಾಯಿಯಲ್ಲಿ ವಿಧವೆಯರ ಶಾಲೆ ಶಾರದಾ ಸದನ ಶುರುವಾಯಿತು. ಮರುವರ್ಷ ಪುಣೆಗೆ ಬಂತು. ಅಲ್ಲಿ ಮೊದಲು ಸೇರಿದವರಲ್ಲಿ ಗೋದೂಬಾಯಿ ಒಬ್ಬಳು. ಆಕೆಯನ್ನೇ ಮುಂದೆ 1893ರಲ್ಲಿ ಧೋಂಡೋ ಕೇಶವ ಕರ್ವೆ ಮದುವೆಯಾದದ್ದು.

ತೆರೆದ ಬಾಗಿಲು

ಸದನದಲ್ಲಿ ಯಾರಿಗೂ ಮತ ಬೋಧಿಸುವುದಿಲ್ಲ ಎಂಬ ಕರಾರಿತ್ತು. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಬೆಳಿಗ್ಗೆ ಮಗಳ ಜೊತೆ ಪ್ರಾರ್ಥನೆ ಮಾಡುತ್ತಿದ್ದರು. ಬಾಗಿಲು ತೆರೆದೇ ಇರುತ್ತಿತ್ತು. ಕೆಲವು ಹುಡುಗಿಯರು ಒಳಗೆ ಬಂದು ಕೂರತೊಡಗಿದರು. 1893ರಲ್ಲಿ ಪುಣೆಯಲ್ಲಿ ಗಲಾಟೆ ಎದ್ದಿತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. ಬೆಂಬಲಕ್ಕಿದ್ದ ರಾನಡೆ, ಭಂಡಾರ್ಕರ್ ಅವರಂಥವರೂ ಸಲಹಾ ಮಂಡಳಿ ಬಿಟ್ಟರು. ಹಲವು ಮನೆಯವರು ಹುಡುಗಿಯರನ್ನು ಕರೆದೊಯ್ದರು. ನಂಬಿಸಿ ಕೈಕೊಟ್ಟರು ಎಂಬುದು ಅವರ ದೂರು. ಯಾರನ್ನೂ ಕರೆದಿಲ್ಲ, ತನ್ನ ಕೋಣೆಯ ಬಾಗಿಲು ಮುಚ್ಚಿ ಕಳ್ಳರಂತೆ ಪ್ರಾರ್ಥಿಸಲಾರೆ ಎಂಬುದು ರಮಾಬಾಯಿಯ ನಿಲುವು. ಎರಡೂ ಕಡೆಗೂ ನೋವಿತ್ತು.

ಅಷ್ಟರಲ್ಲಿ ಅವರೊಳಗೂ ಒಂದು ಬದಲಾವಣೆ ಆಗಿತ್ತು. ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬುದು 8 ವರ್ಷ ಕಳೆದ ಮೇಲೆ, 1891ರಲ್ಲಿ, ಅವರಿಗೆ ಹೊಳೆದ ಸತ್ಯ. ಅಲ್ಲಿಯವರೆಗೆ ಬುದ್ಧಿಯಿಂದ ಒಪ್ಪಿದ್ದನ್ನು ಇನ್ನು ಮೈಯಿಂದ ಮಾಡಿ ತೋರಿಸಬೇಕಿತ್ತು. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ ಆಗಬಾರದಲ್ಲ.

ಪರೀಕ್ಷೆ ಬೇಗ ಬಂತು. 1896ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಬರ. ಸುದ್ದಿ ಕೇಳಿದ್ದೇ ರಮಾಬಾಯಿಗೆ ತಮ್ಮ ಹಳೆಯ ಹಸಿವು ನೆನಪಾಯಿತು. ಕೈಯಲ್ಲಿ ಹಣವಿಲ್ಲ, ಇಡಲು ಜಾಗವಿಲ್ಲ. ಆದರೂ ರೈಲು ಹತ್ತಿದರು. ಎಲುಬಿನ ಹಂದರವಾದ ಹುಡುಗಿಯರು, ಅವರನ್ನು ಕದ್ದು ಮಾರಲು ಕಾದಿದ್ದ ದಲ್ಲಾಳಿಗಳು. ಸುಮಾರು 300 ಮಂದಿಯನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು. ಹೊಸಬರನ್ನು ಊರಲ್ಲಿ ಇಡಲು ಸರಕಾರ ಬಿಡಲಿಲ್ಲ. ಪುಣೆಯಿಂದ ದೌಂಡ್ ಕಡೆ ಹೋಗುವ ರೈಲು ಹಾದಿಯ ಕೇಡಗಾಂವದಲ್ಲಿ ಹಣ್ಣಿನ ತೋಟಕ್ಕೆಂದು ಕೊಂಡಿದ್ದ ಜಮೀನಿತ್ತು. ಅಲ್ಲೇ ಗುಡಿಸಲು ಎದ್ದವು. ಅದೇ ಮುಕ್ತಿ ಸದನ.

ಮಗ್ಗ, ಗಾಣ, ಅಚ್ಚಿನ ಮೊಳೆ

1900ರಲ್ಲಿ ಗುಜರಾತಿನ ಬರ. ಮತ್ತೆ ನೂರಾರು ಮಂದಿ ಬಂದರು. ಮುಕ್ತಿಯ ಜನಸಂಖ್ಯೆ 2000ದ ಹತ್ತಿರಕ್ಕೆ ಏರಿತು. ಅಷ್ಟು ಹೊಟ್ಟೆ ತುಂಬಿಸುವುದು ಎಂದರೇನು ಎಂದು ದಿನಸಿ ಅಂಗಡಿ ನಡೆಸುವವರಿಗೆ ಹೇಳಬೇಕಾಗಿಲ್ಲ. ಬಾವಿ ತೋಡಿಸಿದರು, ಹೊಲ ಉಳಿಸಿದರು, ಹಸು ಸಾಕಿದರು. ಮಗ್ಗ, ಎಣ್ಣೆ ಗಾಣ, ಹೊಲಿಗೆ, ಬಟ್ಟೆ ಒಗೆಯುವ ಕೆಲಸ, ಅಚ್ಚುಕೂಟ ಎಲ್ಲವೂ ಹುಡುಗಿಯರ ಕೈಯಲ್ಲಿ. ಕೂತು ತಿನ್ನುವವರು ಇಲ್ಲ, ದುಡಿದು ತಿನ್ನುವವರೇ. ಕಣ್ಣಿಲ್ಲದವರಿಗೆ ಮನೋರಮಾ ಬ್ರೈಲ್ ಕಲಿಸಿದರು. ಊರು ದಬ್ಬಿದ ಹೆಂಗಸರಿಗೆ ಕೃಪಾ ಸದನ ಎದ್ದಿತು. ಲಂಡನ್ನಿನ ಆಶ್ರಯಮನೆಯಲ್ಲಿ ಕಂಡದ್ದನ್ನು ಕೇಡಗಾಂವದ ಮಣ್ಣಿನಲ್ಲಿ ನೆಟ್ಟದ್ದು ಹೀಗೆ. ನಿಜಾಮರ ಸೀಮೆಯ ಗುಲ್ಬರ್ಗದಲ್ಲೂ 1910ರ ದಶಕದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಮನೋರಮಾ ಅದನ್ನು ನೋಡಿಕೊಂಡರು.

ಇದರ ನಡುವೆ ಇನ್ನೊಂದು ಕೆಲಸ. ಆಗಿದ್ದ ಮರಾಠಿ ಬೈಬಲ್ಲಿನ ಭಾಷೆ ಹಳ್ಳಿಯ ಹೆಂಗಸಿಗೆ ಕಠಿಣವೆನಿಸಿ, ಹೀಬ್ರೂ, ಗ್ರೀಕ್ ಕಲಿತು, ಮೂಲದಿಂದಲೇ ಸುಲಭ ಮರಾಠಿಗೆ ತರ್ಜುಮೆಗೆ ಕೂತರು. ಹದಿನೈದು ವರ್ಷ ಮಿಕ್ಕಿ ಹಿಡಿಯಿತು. ಮೊಳೆ ಜೋಡಿಸಿದವರು, ಅಚ್ಚು ಹಾಕಿದವರು ಮುಕ್ತಿಯ ಹೆಣ್ಣುಮಕ್ಕಳೇ. ಒಂದು ಕಾಲಕ್ಕೆ ಅಕ್ಷರವೇ ಗೊತ್ತಿಲ್ಲದೆ ಬರದ ಬೀದಿಯಲ್ಲಿ ಬಿದ್ದಿದ್ದ ಕೈಗಳು ಅವು.

1919ರಲ್ಲಿ ಸರಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಿತು. 1921ರ ಜುಲೈಯಲ್ಲಿ ಮಗಳು ಮನೋರಮಾ ತೀರಿಕೊಂಡರು. ತನ್ನ ನಂತರ ಮುಕ್ತಿಯನ್ನು ನಡೆಸಬೇಕಾಗಿದ್ದವಳು ಆಕೆ. ಆ ಪೆಟ್ಟಿನ ಮೇಲೂ ತರ್ಜುಮೆಯ ಕೆಲಸ ನಿಲ್ಲಲಿಲ್ಲ. 1922ರ ಎಪ್ರಿಲ್ 5ರಂದು ರಮಾಬಾಯಿ ಕಣ್ಣುಮುಚ್ಚಿದರು. ಬೈಬಲ್ ಪೂರ್ತಿ ಹೊರಬಂದದ್ದು 1924ರಲ್ಲಿ. 1989ರಲ್ಲಿ ಭಾರತ ಸರಕಾರ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಕೇಡಗಾಂವದ ಮುಕ್ತಿ ಸಂಸ್ಥೆ ಇಂದಿಗೂ ಇದೆ.

ರಮಾಬಾಯಿ ಮತ ಬದಲಿಸಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಅವರ ಕಾಲದಲ್ಲೇ ಮುಗಿಯಲಿಲ್ಲ, ಈಗಲೂ ಮುಗಿದಿಲ್ಲ. ಆದರೆ ದೀಕ್ಷಾಸ್ನಾನ ಒಂದು ದಿನದ ಕೆಲಸ. ಆಮೇಲಿನ 38 ವರ್ಷ ಅವರು ಕರೆಗೆ ಓಗೊಟ್ಟದ್ದು ಅಕ್ಕಿ ಅಳೆದು, ಹುಣ್ಣು ತೊಳೆದು, ಲೆಕ್ಕ ಬರೆದು, ಅಕ್ಷರ ಕಲಿಸಿ. ಬಂದವರಿಗೆಲ್ಲ ಅನ್ನ ಹಾಕಿ ಸಾಲಗಾರರಾದ ಮಾಳದ ಶಾಸ್ತ್ರಿಗಳು ಇದನ್ನು ನೋಡಿದ್ದರೆ, ಮತದ ವಿಷಯದಲ್ಲಿ ಮಗಳ ಮೇಲೆ ಸಿಟ್ಟಾಗುತ್ತಿದ್ದರೋ ಏನೋ. ಆ ಅಡಿಗೆಮನೆ ಮಾತ್ರ ತಮ್ಮದೇ ಎಂದು ಗುರುತು ಹಿಡಿಯುತ್ತಿದ್ದರು.