ಪಂಡಿತಾ ರಮಾಬಾಯಿ

ಪಶ್ಚಿಮ ಘಟ್ಟದ ಕುದುರೆಮುಖ ಶ್ರೇಣಿಯಲ್ಲಿ ಗಂಗಾಮೂಲವೆಂಬ ಸ್ಥಳವಿದೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವೆಂದು ಅದು ಪ್ರಸಿದ್ಧವಾಗಿದೆ. ಹಗಲಿನಲ್ಲಿಯೂ ಬಿಸಿಲು ನೆಲವನ್ನು ಮುಟ್ಟದ ಆ ದಟ್ಟಡವಿಯಲ್ಲಿ, 19ನೆಯ ಶತಮಾನದ ಮಧ್ಯಭಾಗದಲ್ಲಿ, ವಿದ್ವಾಂಸರೊಬ್ಬರು ಆಶ್ರಮವನ್ನು ಕಟ್ಟಿಕೊಂಡು ವಾಸಿಸುತ್ತಿದ್ದರು. ಅವರೇ ಕಾರ್ಕಳ ಸೀಮೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರು. ನಾಡನ್ನು ಬಿಟ್ಟು ಕಾಡನ್ನು ಸೇರುವಂಥ ಅಪರಾಧವನ್ನು ಅವರೇನೂ ಮಾಡಿರಲಿಲ್ಲ. ತಮ್ಮ ಪತ್ನಿಗೆ ಸಂಸ್ಕೃತವನ್ನು ಕಲಿಸಿದ್ದರು, ಅಷ್ಟೆ. ಹೆಂಗಸು ಸಂಸ್ಕೃತ ಕಲಿಯುವುದು ಶಾಸ್ತ್ರವಿರುದ್ಧವೆಂದು ಜನ ಆಡಿಕೊಂಡರು. ಶಾಸ್ತ್ರಿಗಳು ಉಡುಪಿಯಲ್ಲಿ ಸೇರಿದ ಪಂಡಿತಸಭೆಯ ಮುಂದೆ ನಿಂತು, ಅದರಲ್ಲಿ ದೋಷವಿಲ್ಲವೆಂಬುದನ್ನು ಗ್ರಂಥಾಧಾರಗಳಿಂದಲೇ ಪ್ರತಿಪಾದಿಸಿದರು. ಆದರೆ ವಾದದಲ್ಲಿ ಗೆದ್ದವರಿಗೆ ಊರಿನಲ್ಲಿ ನೆಮ್ಮದಿ ಸಿಗಬೇಕೆಂಬ ನಿಯಮವೇನೂ ಇಲ್ಲ.

ಆ ಆಶ್ರಮದಲ್ಲಿ 1858ನೆಯ ಏಪ್ರಿಲ್ 23ರಂದು ಹುಟ್ಟಿದ ಮಗುವೇ ರಮಾ. ಮಗುವಿಗೆ ಇನ್ನೂ ಆರು ತಿಂಗಳಾಗಿರುವಾಗಲೇ ಸಂಸಾರವು ಆಶ್ರಮವನ್ನು ತೊರೆದು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳೊಬ್ಬನು ಅದನ್ನು ತಲೆಯ ಮೇಲೆ ಹೊತ್ತು ಘಟ್ಟವನ್ನಿಳಿದನು. ಹಾಗೆ ಆರಂಭವಾದ ಅಲೆದಾಟ ಹಲವು ವರ್ಷಗಳ ಕಾಲ ನಿಲ್ಲಲಿಲ್ಲ. ದೇವಸ್ಥಾನಗಳ ಪ್ರಾಕಾರಗಳಲ್ಲಿ, ನದೀತೀರಗಳಲ್ಲಿ ಪುರಾಣ ಹೇಳುವುದು, ಕೇಳುಗರು ಕೊಟ್ಟ ಕಾಣಿಕೆಯಿಂದ ಬದುಕುವುದು ಆ ಕುಟುಂಬದ ವೃತ್ತಿಯಾಯಿತು. ತಾಯಿ ಲಕ್ಷ್ಮೀಬಾಯಿಯವರು ಬೆಳಗಿನ ಜಾವ, ಹಕ್ಕಿಗಳ ಉಲಿ ಕೇಳುವ ಹೊತ್ತಿಗೆ, ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ಶಾಲೆಯ ಮೆಟ್ಟಿಲನ್ನು ಹತ್ತದ ಆ ಬಾಲಿಕೆ ಭಾಗವತದ 18,000 ಶ್ಲೋಕಗಳನ್ನು ಕಂಠಸ್ಥ ಮಾಡಿಕೊಂಡಳು. ಮನೆಮಾತು ಮರಾಠಿಯ ಜೊತೆಗೆ ಕನ್ನಡ, ಹಿಂದಿ, ಬಂಗಾಳಿ ಭಾಷೆಗಳೂ ಅಲೆದಾಟದಲ್ಲಿಯೇ ಆಕೆಗೆ ಒಲಿದವು.

1874ರ ಸುಮಾರಿಗೆ ಬರಗಾಲ ಬಂದಿತು. ತಮಗೇ ಹೊಟ್ಟೆಗಿಲ್ಲದ ಜನ ಪುರಾಣಿಕರಿಗೆ ಏನನ್ನು ಕೊಟ್ಟಾರು? ಕೈಯಲ್ಲಿದ್ದ ಹಣ ಕರಗಿತು. ಪಾತ್ರೆ ಪಡಗಗಳು ಮಾರಾಟವಾದವು. ಬೇಡುವುದಕ್ಕೆ ನಾಚಿಕೆ, ದುಡಿಯುವುದಕ್ಕೆ ಕೆಲಸ ತಿಳಿಯದು. ತಿರುಪತಿಯ ಸಮೀಪದ ಕಾಡಿನಲ್ಲಿ ಅವರು ಹಲವು ದಿನ ಎಲೆಗಳನ್ನು ತಿಂದು ಜೀವ ಹಿಡಿದರು. ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿ ರಾಯಚೂರಿನಲ್ಲಿ ಕಣ್ಣು ಮುಚ್ಚಿದರು. ಪರಸ್ಥಳದ ನಿರ್ಗತಿಕರ ಶವಕ್ಕೆ ಹೆಗಲು ಕೊಡಲು ಯಾರೂ ಬರಲಿಲ್ಲ. ಬಹಳ ಬೇಡಿಕೊಂಡ ಮೇಲೆ ಇಬ್ಬರು ಒಪ್ಪಿದರು. ಮೂರನೆಯವನು ಅಣ್ಣ ಶ್ರೀನಿವಾಸ. ನಾಲ್ಕನೆಯ ಹೆಗಲು ರಮಾಳದೇ ಆಗಬೇಕಾಯಿತು. ಆಕೆ ಗಿಡ್ಡ ದೇಹದವಳಾದುದರಿಂದ ಚಟ್ಟದ ಒಂದು ತುದಿಯನ್ನು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದಳು. ಸ್ವಲ್ಪ ಕಾಲದಲ್ಲಿ ಅಕ್ಕನೂ ಅಗಲಿದಳು. ಮುಂದೆ ರಮಾಬಾಯಿಯವರು ಮಾಡಿದ ಕಾರ್ಯವೆಲ್ಲದರ ಬೇರನ್ನು ಅವರ ಪಾಂಡಿತ್ಯದಲ್ಲಿ ಹುಡುಕುವುದಕ್ಕಿಂತ ಈ ಬರಗಾಲದಲ್ಲಿ ಹುಡುಕುವುದೇ ಹೆಚ್ಚು ಯುಕ್ತವಾದೀತು.

ಉಳಿದವರು ಅಣ್ಣತಂಗಿಯರಿಬ್ಬರೇ. ಅವರು ಸಾವಿರಾರು ಮೈಲಿ ಕಾಲ್ನಡಿಗೆಯಿಂದ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದರು. ಇಪ್ಪತ್ತು ವಯಸ್ಸಿನ ಅವಿವಾಹಿತ ಕನ್ಯೆಯೊಬ್ಬಳು ನಿರರ್ಗಳವಾಗಿ ಸಂಸ್ಕೃತದಲ್ಲಿ ಮಾತನಾಡುವುದನ್ನು ಕೇಳಿ ಅಲ್ಲಿನ ವಿದ್ವಾಂಸರು ಬೆರಗಾದರು. ಪರೀಕ್ಷಿಸಿ, ಪಂಡಿತಾ ಎಂದೂ ಸರಸ್ವತೀ ಎಂದೂ ಬಿರುದುಗಳನ್ನಿತ್ತರು. ಆದರೆ 1880ರಲ್ಲಿ ಅಣ್ಣನೂ ಢಾಕಾದಲ್ಲಿ ತೀರಿಕೊಂಡನು. ಅದೇ ವರ್ಷ ರಮಾಬಾಯಿಯವರು ಬಿಪಿನ್ ಬಿಹಾರಿ ದಾಸ್ ಎಂಬ ಬಂಗಾಳಿ ವಕೀಲರನ್ನು ವಿವಾಹವಾದರು. ಜಾತಿ ಬೇರೆ, ಪ್ರಾಂತ ಬೇರೆ. ಅಂದಿನ ಕಾಲಕ್ಕೆ ಅದೊಂದು ಸಾಹಸವೇ ಸರಿ. 1881ರಲ್ಲಿ ಮಗಳು ಮನೋರಮಾ ಜನಿಸಿದಳು. 1882ರ ಫೆಬ್ರವರಿಯಲ್ಲಿ ಪತಿ ಕಾಲರಾ ಬೇನೆಗೆ ತುತ್ತಾದರು. ಇಪ್ಪತ್ತಮೂರರ ಪ್ರಾಯದಲ್ಲಿ ರಮಾಬಾಯಿಯವರು ವಿಧವೆಯಾದರು.

ಆಗಿನ ಮೇಲ್ಜಾತಿಗಳಲ್ಲಿ ವಿಧವೆಯಾಗುವುದೆಂದರೆ ಬದುಕಿರುವಾಗಲೇ ಇಲ್ಲವಾಗುವುದು. ಎಂಟು ಹತ್ತು ವರ್ಷಕ್ಕೆ ಮದುವೆ. ಗಂಡನ ಮುಖವನ್ನು ಸರಿಯಾಗಿ ಕಾಣುವ ಮೊದಲೇ ವೈಧವ್ಯ. ಆಮೇಲೆ ಕೇಶಮುಂಡನ, ಒಪ್ಪೊತ್ತಿನ ಊಟ, ಅಡುಗೆಮನೆಯ ಕತ್ತಲೆ. ಶುಭಕಾರ್ಯಕ್ಕೆ ಅವಳು ಎದುರು ಬರಬಾರದು. ಇಂತಹ ಸಾವಿರಾರು ಬಾಲವಿಧವೆಯರಲ್ಲಿ ಪ್ರತಿಯೊಬ್ಬಳೂ ತನ್ನ ದುಃಖ ತನ್ನ ಹಣೆಬರಹವೆಂದೇ ನಂಬಿದ್ದಳು; ಪಕ್ಕದ ಮನೆಯಲ್ಲಿಯೂ ತನ್ನಂಥವಳೇ ಒಬ್ಬಳು ಇದ್ದಾಳೆಂದು ತಿಳಿದರೂ ಆಕೆಯೊಡನೆ ಕುಳಿತು ಮಾತನಾಡುವ ಅವಕಾಶ ಅವಳಿಗಿರಲಿಲ್ಲ. ಒಂಟಿತನವೇ ಆ ರೋಗದ ಅತ್ಯಂತ ಕ್ರೂರವಾದ ಅಂಗವಾಗಿತ್ತು. ರಮಾಬಾಯಿಯವರು ಕಂಡುಕೊಂಡದ್ದು ಇದನ್ನು.

ಅವರು ಕೂಸಿನೊಡನೆ ಪುಣೆಗೆ ಬಂದು 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಶಿಕ್ಷಣ ವ್ಯವಸ್ಥೆಯ ವಿಚಾರಣೆಗೆ ಬಂದ ಹಂಟರ್ ಆಯೋಗದ ಮುಂದೆ, ಸ್ತ್ರೀಯರಿಗೆ ಸ್ತ್ರೀಯರೇ ಉಪಾಧ್ಯಾಯಿನಿಯರೂ ವೈದ್ಯೆಯರೂ ಆಗಬೇಕೆಂದು ಸಾಕ್ಷ್ಯ ನುಡಿದರು. ತಾವೇ ವೈದ್ಯವಿದ್ಯೆ ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಆದರೆ ಕಿವಿ ಮಂದವಾದುದರಿಂದ ಆ ಆಸೆ ಕೈಗೂಡಲಿಲ್ಲ. ಅಲ್ಲಿಯೇ ಅವರು ಕ್ರೈಸ್ತ ಮತವನ್ನು ಸ್ವೀಕರಿಸಿದರು. ಇದರಿಂದ ಸ್ವದೇಶದಲ್ಲಿ ಅವರನ್ನು ಮೆಚ್ಚಿದ್ದ ಅನೇಕರು ದೂರವಾದರು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಕೆಲಕಾಲ ಸಂಸ್ಕೃತವನ್ನು ಬೋಧಿಸಿ, 1886ರಲ್ಲಿ ಅಮೆರಿಕಕ್ಕೆ ಹೋದರು. ಅವರ ಬಂಧುವಾದ ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯದಲ್ಲಿ ವೈದ್ಯ ಪದವಿಯನ್ನು ಪಡೆಯುವ ಸಮಾರಂಭಕ್ಕೆಂದು ಹೋದವರು ಅಲ್ಲಿಯೇ ಎರಡು ವರ್ಷಗಳಿಗೂ ಮಿಕ್ಕಿ ನಿಂತು ಊರೂರು ಸುತ್ತಿದರು. ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕವೊಂದನ್ನು ಬರೆದರು. ಅಲ್ಲಿನ ಜನ ಸಂಘವೊಂದನ್ನು ಕಟ್ಟಿ, ವಿಧವೆಯರ ಶಾಲೆಗೆ ಹತ್ತು ವರ್ಷಗಳ ಕಾಲ ನೆರವಾಗುವುದಾಗಿ ವಚನವಿತ್ತರು.

1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ಆರಂಭವಾಯಿತು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. ಅಲ್ಲಿಗೆ ಸೇರಿದ ಮೊದಲ ವಿಧವೆ ಗೋದೂಬಾಯಿ ಎಂಬಾಕೆ. ಸದನದಲ್ಲಿ ಅವರವರ ಜಾತಿಯ ಆಚಾರಕ್ಕೆ ಅಡ್ಡಿಯಿರಲಿಲ್ಲ, ಮತಬೋಧನೆ ಪಠ್ಯದಲ್ಲಿರಲಿಲ್ಲ. ಓದು ಬರಹದೊಡನೆ ಆಟವೂ ಇತ್ತು, ಹೂದೋಟವೂ ಇತ್ತು. ತಲೆ ಬಗ್ಗಿಸಿ ಮೂಲೆ ಸೇರುವುದನ್ನಷ್ಟೇ ಕಲಿತಿದ್ದ ಹುಡುಗಿಯರಿಗೆ ಒಬ್ಬರೊಡನೊಬ್ಬರು ನಗಬಹುದೆಂಬುದೇ ಹೊಸ ಪಾಠವಾಗಿತ್ತು.

ಆದರೆ ರಮಾಬಾಯಿಯವರು ತಮ್ಮ ಕೋಣೆಯ ಬಾಗಿಲನ್ನು ತೆರೆದಿಟ್ಟೇ ಪ್ರಾರ್ಥನೆ ಮಾಡುತ್ತಿದ್ದರು. ಕೆಲವು ಹುಡುಗಿಯರು ಅಲ್ಲಿಗೆ ಹೋಗಿ ಕುಳಿತುಕೊಳ್ಳತೊಡಗಿದರು. ಪುಣೆಯಲ್ಲಿ ದೊಡ್ಡ ಕೋಲಾಹಲವೆದ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದ ಹಿರಿಯರು ಸದನದ ಸಲಹಾ ಮಂಡಲಿಯಿಂದ ಹೊರಬಂದರು. 20ಕ್ಕೂ ಹೆಚ್ಚು ಹುಡುಗಿಯರನ್ನು ಬಂಧುಗಳು ಬಿಡಿಸಿಕೊಂಡು ಹೋದರು. ಆ ಹಿರಿಯರ ಆತಂಕ ನಿರಾಧಾರವಾದುದೆಂದು ಹೇಳಲಾಗದು. ನಂಬಿ ಒಪ್ಪಿಸಿದ ಮಕ್ಕಳ ವಿಷಯದಲ್ಲಿ ಅವರಿಗೆ ಹೊಣೆಯಿತ್ತು. ಆದರೆ ಮನೆಗೆ ಹಿಂದಿರುಗಿದ ಆ ಹುಡುಗಿಯರ ಪಾಲಿಗೆ ಅಲ್ಲಿ ಕಾದಿದ್ದುದು ಹಿಂದಿನ ಮೂಲೆಯೇ ಎಂಬುದೂ ಅಷ್ಟೇ ಸತ್ಯ. ರಮಾಬಾಯಿಯವರು ತಮ್ಮ ನಂಬಿಕೆಯನ್ನು ಮುಚ್ಚಿಡಲೊಪ್ಪಲಿಲ್ಲ. ಸದನವನ್ನು ಮುಚ್ಚಲೂ ಇಲ್ಲ.

ಅಮೆರಿಕದ ನೆರವು ಹತ್ತು ವರ್ಷಗಳಿಗೆ ಮುಗಿಯುವುದೆಂಬುದನ್ನು ಅವರು ಮರೆತಿರಲಿಲ್ಲ. ಪುಣೆಯಿಂದ ಸುಮಾರು 40 ಮೈಲಿ ದೂರದಲ್ಲಿ, ರೈಲುದಾರಿಯ ಬಳಿಯ ಕೇಡಗಾಂವ್ ಎಂಬ ಹಳ್ಳಿಯಲ್ಲಿ ಜಮೀನನ್ನು ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡಗಳನ್ನು ನೆಡಿಸಿದ್ದರು. ತೋಟದ ಆದಾಯದಿಂದ ಸದನ ನಡೆಯಲೆಂಬುದು ಅವರ ಉದ್ದೇಶ. ಆದರೆ ಗಿಡಗಳು ಫಲ ಕೊಡುವ ಮೊದಲೇ ಆ ನೆಲಕ್ಕೆ ಬೇರೊಂದು ಕೆಲಸ ಬಂದೊದಗಿತು.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಘೋರ ಕ್ಷಾಮ ತಲೆದೋರಿತು. ಸುದ್ದಿಯನ್ನು ಕೇಳಿದ ರಮಾಬಾಯಿಯವರಿಗೆ ಇಪ್ಪತ್ತೆರಡು ವರ್ಷಗಳ ಹಿಂದಿನ ಎಲೆಯೂಟ ನೆನಪಾಗದೆ ಇರಲಿಲ್ಲ. ಕೈಯಲ್ಲಿ ಹೆಚ್ಚು ಹಣವಿಲ್ಲದಿದ್ದರೂ ತಾವೇ ಹೊರಟರು. ಪರಿಹಾರ ಶಿಬಿರಗಳಲ್ಲಿಯೂ ಅನಾಥಾಲಯಗಳಲ್ಲಿಯೂ ಎಲುಬಿನ ಹಂದರಗಳಂತಿದ್ದ ಹೆಣ್ಣುಮಕ್ಕಳನ್ನು ಕಂಡರು. ಹಸಿವು ಒಂದು ಕಡೆಯಾದರೆ, ಅನ್ನದ ಆಸೆ ತೋರಿಸಿ ದುರ್ಮಾರ್ಗಕ್ಕೆಳೆಯುವ ದುಷ್ಟರ ಕಾಟ ಇನ್ನೊಂದು ಕಡೆ. ತಾಯಿತಂದೆಯರಿಲ್ಲದ ಬಾಲಕಿಯರಿಗೆ ಎರಡನೆಯದೇ ಹೆಚ್ಚು ಅಪಾಯಕರವಾಗಿತ್ತು. ಜಾತಿಯನ್ನು ಕೇಳದೆ, ರೋಗವನ್ನು ನೋಡದೆ ಅವರು ತಂಡತಂಡವಾಗಿ ಹೆಣ್ಣುಮಕ್ಕಳನ್ನು ಕರೆತಂದರು. ಕೆಲವೇ ತಿಂಗಳಲ್ಲಿ ಹಾಗೆ ಬಂದವರ ಸಂಖ್ಯೆ ಸುಮಾರು 300ಕ್ಕೆ ಏರಿತು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ನಗರದಲ್ಲಿ ಅಷ್ಟು ಜನರನ್ನು ಇರಿಸಿಕೊಳ್ಳುವಂತಿರಲಿಲ್ಲ. ಕೇಡಗಾಂವಿನ ಹೊಲದಲ್ಲಿ ಡೇರೆಗಳೂ ಹುಲ್ಲಿನ ಚಪ್ಪರಗಳೂ ಎದ್ದವು. ಹೀಗೆ ಹುಟ್ಟಿದ ನಿವಾಸಕ್ಕೆ ಮುಕ್ತಿ ಎಂದು ಹೆಸರಾಯಿತು.

ಕರೆತರುವುದು ಕೆಲಸದ ಅತಿ ಸುಲಭವಾದ ಭಾಗ. ಬಹಳ ಕಾಲ ಉಪವಾಸವಿದ್ದವರಿಗೆ ಒಮ್ಮೆಗೇ ಹೊಟ್ಟೆ ತುಂಬ ಉಣ್ಣಿಸಿದರೆ ಪ್ರಾಣಕ್ಕೇ ಅಪಾಯ. ಗಂಜಿಯಿಂದ ಆರಂಭಿಸಿ ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಹುಣ್ಣುಗಳನ್ನು ತೊಳೆಯಬೇಕು. ದೇಹ ಚೇತರಿಸಿಕೊಂಡರೂ ಮನಸ್ಸು ಚೇತರಿಸಿಕೊಳ್ಳಲು ಕಾಲ ಬೇಕು. ಕಣ್ಣೆದುರಿನಲ್ಲಿಯೇ ತಮ್ಮವರ ಸಾವನ್ನು ಕಂಡವರು, ಮೋಸಹೋದವರು, ಯಾರನ್ನೂ ನಂಬಲಾರದವರು ಅಲ್ಲಿದ್ದರು. ಇವರನ್ನೆಲ್ಲ ನೋಡಿಕೊಳ್ಳಲು ಸಾಕಷ್ಟು ದಾದಿಯರನ್ನು ನೇಮಿಸುವ ಶಕ್ತಿ ರಮಾಬಾಯಿಯವರಿಗಿರಲಿಲ್ಲ. ಶಾರದಾ ಸದನದಲ್ಲಿ ಕಲಿತ ಹುಡುಗಿಯರೇ ಮುಂದೆ ಬಂದರು. ಮೊದಲು ಬಂದು ಚೇತರಿಸಿಕೊಂಡವರು ಆಮೇಲೆ ಬಂದವರಿಗೆ ತಲೆ ಬಾಚಿದರು, ಅಕ್ಷರ ತಿದ್ದಿಸಿದರು, ರಾತ್ರಿ ಪಕ್ಕದಲ್ಲಿ ಮಲಗಿದರು. ಬಡತನದಿಂದ ಒದಗಿದ ಈ ವ್ಯವಸ್ಥೆಯೇ ಮುಕ್ತಿಯ ನಿಜವಾದ ಔಷಧವಾಯಿತು. ನಿನ್ನೆಯವರೆಗೆ ಯಾರಿಗೂ ಬೇಡವಾಗಿದ್ದವಳಿಗೆ ಇಂದು ತನ್ನನ್ನೇ ನೆಚ್ಚಿಕೊಂಡ ಒಂದು ಪುಟ್ಟ ಜೀವವಿದೆಯೆಂಬುದು ತಿಳಿದಾಗ, ಅವಳು ತನಗರಿವಿಲ್ಲದೆಯೇ ಎದ್ದು ನಿಲ್ಲುತ್ತಿದ್ದಳು.

1900ರ ಹೊತ್ತಿಗೆ ಗುಜರಾತಿನಲ್ಲಿ ಮತ್ತೆ ಕ್ಷಾಮ ಉಂಟಾಯಿತು. ಈ ಬಾರಿ ರಮಾಬಾಯಿಯವರು ಸದನದಲ್ಲಿಯೇ ಬೆಳೆದ ಸಹಾಯಕಿಯರನ್ನು ಅಲ್ಲಿಗೆ ಕಳುಹಿಸಿದರು. ಅವರು ಹಳ್ಳಿಹಳ್ಳಿ ತಿರುಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ನಿವಾಸಿಗಳ ಸಂಖ್ಯೆ ಸುಮಾರು 2000ವನ್ನು ಮುಟ್ಟಿತು. ಅದೀಗ ಒಂದು ಊರೇ ಆಗಿತ್ತು. ಮಗ್ಗಗಳಿದ್ದವು, ಎಣ್ಣೆಯ ಗಾಣವಿತ್ತು, ಹಸುಗಳ ಕೊಟ್ಟಿಗೆಯಿತ್ತು. ಹೊಲ ಉಳುವವರು, ಬಟ್ಟೆ ಒಗೆಯುವವರು, ಪಾಠ ಹೇಳುವವರು ಎಲ್ಲರೂ ಹೆಂಗಸರೇ. ಮೋಸಹೋಗಿ ಬಂದವರಿಗೆ ಕೃಪಾ ಸದನ, ವೃದ್ಧೆಯರಿಗೂ ಅಶಕ್ತರಿಗೂ ಪ್ರೀತಿ ಸದನ ಎಂಬ ಮನೆಗಳಿದ್ದವು. ಕುರುಡಿಯರು ಬ್ರೈಲ್ ಲಿಪಿಯಲ್ಲಿ ಓದಲು ಕಲಿತರು, ಬುಟ್ಟಿ ಹೆಣೆದರು. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವುದರಿಂದ ಹಿಡಿದು ಪುಸ್ತಕ ಹೊಲಿಯುವವರೆಗೆ ಎಲ್ಲವನ್ನೂ ಹೆಣ್ಣುಮಕ್ಕಳೇ ಮಾಡುತ್ತಿದ್ದರು. ಶಾರದಾ ಸದನದಂತಲ್ಲದೆ ಮುಕ್ತಿಯು ಸ್ಪಷ್ಟವಾಗಿ ಕ್ರೈಸ್ತ ಸಂಸ್ಥೆಯಾಗಿತ್ತು. ಆ ಕಾರಣದಿಂದ ಅದನ್ನು ಒಪ್ಪದವರು ಅನೇಕರಿದ್ದರು. ಆದರೆ ಅಲ್ಲಿ ಉಳಿದ ಪ್ರಾಣಗಳ ಲೆಕ್ಕವನ್ನು ಅಲ್ಲಗಳೆದವರು ವಿರಳ.

ಈ ದೀಪದಿಂದ ಬೇರೆ ದೀಪಗಳೂ ಹೊತ್ತಿಕೊಂಡವು. ಸದನದ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿಯನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ವಿವಾಹವಾದರು. ವಿಧವೆಯನ್ನು ವರಿಸಿದುದಕ್ಕಾಗಿ ಸ್ವಂತ ಊರಿನವರೇ ಅವರಿಗೆ ಬಹಿಷ್ಕಾರ ಹಾಕಿದರು. ಕರ್ವೆಯವರು 1896ರಲ್ಲಿ ಹಿಂದೂ ವಿಧವೆಯರಿಗಾಗಿ ಆಶ್ರಮವನ್ನು ಸ್ಥಾಪಿಸಿದರು. ಮುಂದೆ 1916ರಲ್ಲಿ ಮಹಿಳಾ ವಿಶ್ವವಿದ್ಯಾನಿಲಯವನ್ನೇ ಕಟ್ಟಿದರು. ಇತ್ತ ಹೈದರಾಬಾದ್ ಸಂಸ್ಥಾನದಲ್ಲಿದ್ದ ಗುಲ್ಬರ್ಗದಲ್ಲಿ ರಮಾಬಾಯಿಯವರು ಒಂದು ಶಾಲೆಯನ್ನು ತೆರೆದರು. ಅದರ ಹೊಣೆಯನ್ನು ಹೊತ್ತವರು ಮಗಳು ಮನೋರಮಾ. ತಾಯಿ ಕಣ್ಣು ಮುಚ್ಚಿದ ರಾಯಚೂರು ಅಲ್ಲಿಗೆ ಬಹಳ ದೂರವೇನಲ್ಲ.

ತಾಯಿಯ ಬಲಗೈಯಂತಿದ್ದ ಮನೋರಮಾ 1921ರ ಜುಲೈ ತಿಂಗಳಲ್ಲಿ ತೀರಿಕೊಂಡರು. ಆ ವೇಳೆಗೆ ರಮಾಬಾಯಿಯವರ ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ, ಶರೀರ ಸೋತಿತ್ತು. ಮಗಳನ್ನು ಕಳೆದುಕೊಂಡ ಮೇಲೂ ಅವರು ಬರವಣಿಗೆಯ ಮೇಜನ್ನು ಬಿಡಲಿಲ್ಲ. ಹಳ್ಳಿಯ ಹೆಂಗಸರಿಗೂ ಅರ್ಥವಾಗುವ ಸರಳವಾದ ಮರಾಠಿಯಲ್ಲಿ ಬೈಬಲನ್ನು ಅನುವಾದಿಸಬೇಕೆಂದು ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತಿದ್ದರು. ಹಲವು ವರ್ಷಗಳಿಂದ ಆ ಕೆಲಸ ಸಾಗಿತ್ತು. ಅದನ್ನು ಮುಗಿಸಿ, 1922ನೆಯ ಏಪ್ರಿಲ್ 5ರಂದು ಅವರು ನಿಧನ ಹೊಂದಿದರು.

1924ರಲ್ಲಿ ಆ ಗ್ರಂಥ ಹೊರಬಂದಿತು. ಅದನ್ನು ಅಚ್ಚು ಮಾಡಿದುದು ಕೇಡಗಾಂವಿನ ಮುದ್ರಣಾಲಯದಲ್ಲಿಯೇ. ಅಕ್ಷರವೆಂದರೇನೆಂದು ಅರಿಯದೆ, ಹಸಿದ ಹೊಟ್ಟೆಯಲ್ಲಿ ಆ ಹೊಲಕ್ಕೆ ಬಂದು ಸೇರಿದಂಥ ಹೆಣ್ಣುಮಕ್ಕಳ ಕೈಗಳೇ ಅದರ ಮೊಳೆಗಳನ್ನು ಜೋಡಿಸಿದ್ದವು.